ಕೆರೆ ಹೆಪ್ಪುಗಟ್ಟಿದ ಮೇಲೆ ಮಕ್ಕಳು ಆಡುವ ಹಾಕಿ: ಚಳಿ ಒಂದಿದ್ದರೆ ಸಾಕಾ?

ವಿನ್ನಿಪೆಗ್ ಅಮ್ಮ

ಚಳಿನಾಡುಗಳಲ್ಲಿ ಇರೋ ಕನ್ನಡಿಗರು ಇಲ್ಲಿ ಬಹಳ ಜನ ಇದ್ದೀರಿ, ಅದಕ್ಕೇ ಈ ವಿಷಯ ಎತ್ತುತ್ತಿದ್ದೀನಿ. ಕೆನಡಾದ ವಿನ್ನಿಪೆಗ್‌ನಲ್ಲಿ ನಮ್ಮ ಬಡಾವಣೆಯ ಕಮ್ಯುನಿಟಿ ಸೆಂಟರ್ ಪಕ್ಕದಲ್ಲಿ ಒಂದು ಬಯಲು ರಿಂಕ್ ಇದೆ, ಅಂದ್ರೆ ಸ್ಕೇಟ್ ಮಾಡೋಕೆ ನೀರು ಹಾಯಿಸಿ ಹೆಪ್ಪುಗಟ್ಟಿಸಿದ ಅಂಗಳ. ಡಿಸೆಂಬರ್‌ನಿಂದ ಫೆಬ್ರವರಿ ಕೊನೆವರೆಗೂ ನನ್ನ ಇಬ್ಬರು ಮಕ್ಕಳೂ ಶಾಲೆ ಬಿಟ್ಟ ಮೇಲೆ ಅಲ್ಲೇ ಇರ್ತಾರೆ. ಕೋಚ್ ಇಲ್ಲ, ರೆಫರಿ ಇಲ್ಲ, ಫೀಸೂ ಇಲ್ಲ. ಹೀಗೆ ಆಡೋ ಐಸ್ ಹಾಕಿಗೆ ಇಲ್ಲಿನವರು ಶಿನ್ನಿ ಅಂತಾರೆ.

ಆಟ ಶುರುವಾಗೋ ರೀತಿಯನ್ನ ನೋಡ್ಬೇಕು. ಬಂದವರೆಲ್ಲ ತಮ್ಮ ತಮ್ಮ ಸ್ಟಿಕ್‌ಗಳನ್ನ ರಿಂಕ್ ಮಧ್ಯೆ ರಾಶಿ ಹಾಕ್ತಾರೆ. ಒಬ್ಬ ಹುಡುಗ ಉಲ್ಲನ್ ಟೋಪಿಯನ್ನ ಕಣ್ಣು ಮುಚ್ಚೋ ಹಾಗೆ ಕೆಳಗೆಳೆದುಕೊಂಡು, ಮಂಡಿಯೂರಿ ಕೂತು, ಒಂದು ಸ್ಟಿಕ್ ಎಡಕ್ಕೆ ಒಂದು ಬಲಕ್ಕೆ ಅಂತ ಎಸೀತಾ ಹೋಗ್ತಾನೆ. ನಿಮ್ಮ ಸ್ಟಿಕ್ ಯಾವ ಕಡೆ ಬಿತ್ತೋ ಅದೇ ನಿಮ್ಮ ತಂಡ. ಏಳು ವರ್ಷದ ಹುಡುಗಿ, ಹದಿನಾರರ ಹುಡುಗ, ಒಮ್ಮೊಮ್ಮೆ ಯಾರದೋ ಅಪ್ಪ, ಎಲ್ಲರೂ ಒಂದೇ ಆಟದಲ್ಲಿ. ಗೋಲ್ ಕಂಬ ಇಲ್ಲದಿದ್ದರೆ ಎರಡು ಬೂಟು. ಗೋಲ್‌ಕೀಪರ್ ಸಾಮಾನ್ಯವಾಗಿ ಇರಲ್ಲ. ಪಕ್ (ಚೆಂಡಿನ ಬದಲು ಬಳಸೋ ಚಪ್ಪಟೆ ಬಿಲ್ಲೆ) ಮೇಲಕ್ಕೆ ಹಾರಿಸೋ ಹಾಗಿಲ್ಲ, ದೇಹಕ್ಕೆ ಗುದ್ದೋ ಹಾಗಿಲ್ಲ.

ಈ ನಿಯಮಗಳನ್ನ ಯಾರೂ ಕೂತು ಬರೆದದ್ದಲ್ಲ. ದಿನಾ ನೋಡ್ತಾ ನೋಡ್ತಾ ನನಗನ್ನಿಸಿದ್ದು, ಒಂದೊಂದು ನಿಯಮದ ಹಿಂದೆಯೂ ಚಳಿ ಇದೆ. ಗೋಲ್‌ಕೀಪರ್ ಒಂದೇ ಕಡೆ ನಿಂತರೆ ಕಾಲು ಮರಗಟ್ಟತ್ತೆ, ಹಾಗಾಗಿ ಯಾರೂ ನಿಲ್ಲಲ್ಲ. ಪಕ್ ಹಾರಿಸಿದರೆ ಅಂಚಿನ ಹಿಮದ ದಿಬ್ಬದೊಳಗೆ ಹೂತು ಹೋಗತ್ತೆ; ಅರ್ಧ ತಂಡ ಸ್ಟಿಕ್ ಹಿಡಿದು ಹಿಮ ಕೆದಕ್ತಾ ನಿಲ್ಲಬೇಕು, ಸಿಗದಿದ್ದರೆ ಅದು ಮತ್ತೆ ಕಾಣೋದು ಏಪ್ರಿಲ್‌ಗೆ. ಕಾಲಿಗೆ ಪ್ಯಾಡ್ ಕಟ್ಟಿರದ ಮಕ್ಕಳಿಗೆ ಪೆಟ್ಟಾಗಬಾರದು ಅನ್ನೋದೂ ಇದೆ. ಬೆಂಚಿನ ಮೇಲೆ ಕೂತು ಸರದಿ ಕಾಯೋದಂತೂ ಇಲ್ಲವೇ ಇಲ್ಲ, ಕೂತವರು ನಡುಗ್ತಾರೆ. ಬಂದವರೆಲ್ಲ ಆಡಲೇಬೇಕು.

ಚಳಿ ಇರೋ ಕಡೆಯೆಲ್ಲ ಮಕ್ಕಳು ಹೀಗೇ ಆಡ್ತಾರಾ? ನಿಮ್ಮ ಊರುಗಳಲ್ಲಿ ಹೇಗೆ?

ಧಾರವಾಡದ ಮೇಷ್ಟ್ರು

ಭಾಳ ಚಲೋ ವಿಷಯ ತಗದೀರಿ. ನಾನು ಹೆಪ್ಪುಗಟ್ಟಿದ ಕೆರೀನ ಕಣ್ಣಾರೆ ನೋಡಿದವ ಅಲ್ಲ, ಆದರ ವರ್ಷಾ ಹುಡುಗರಿಗೆ ಇದನ್ನ ಪಾಠ ಮಾಡತೀನಿ. ನೀರಿಗೆ ಎಲ್ಲಕ್ಕಿಂತ ಹೆಚ್ಚು ಸಾಂದ್ರತೆ ಇರೋದು 4 ಡಿಗ್ರಿ ಸೆಲ್ಸಿಯಸ್‌ನಾಗ. ಅದಕ್ಕಿಂತ ತಣ್ಣಗಾದ ನೀರು ಹಗುರಾಗಿ ಮ್ಯಾಲೇ ನಿಲ್ಲತದ, ಮ್ಯಾಲಿಂದನ ಹೆಪ್ಪುಗಟ್ಟತದ. ಹೆಪ್ಪುಗಟ್ಟುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗತದ, ಅದಕ್ಕ ಮಂಜುಗಡ್ಡೆ ತೇಲತದ. ಬ್ಯಾರೆ ದ್ರವಗಳಂಗ ನೀರೂ ತಳದಿಂದ ಗಟ್ಟಿ ಆಗತಿದ್ದರ ಕೆರಿ ಮ್ಯಾಲೆ ಆಡೋ ಆಟ ಅನ್ನೋದ ಹುಟ್ಟತಿರಲಿಲ್ಲ.

ಇನ್ನೊಂದು ಮಾತು. ಮಂಜುಗಡ್ಡೆ ಮ್ಯಾಲೆ ಜಾರೋದು ಅದರ ಮೇಲ್ಪದರದಾಗ ಇರೋ ತೀರಾ ತೆಳುವಾದ, ಪೂರ್ತಿ ಗಟ್ಟಿ ಆಗದ ಪದರದಿಂದ. ಮೈಕೆಲ್ ಫ್ಯಾರಡೆ 1850ರಾಗ ಇದನ್ನ ಹೇಳಿದ್ದರು. ಘರ್ಷಣೆ ಎಲ್ಲಕ್ಕಿಂತ ಕಡಿಮಿ ಇರೋದು ಮೈನಸ್ 7ರ ಆಸುಪಾಸಿನಾಗ. ಮೈನಸ್ 30ಕ್ಕ ಹೋತಂದರ ಆ ಪದರ ಸೊರಗತದ, ಸ್ಕೇಟ್ಸ್ ಹಿಡಕೊಳ್ಳತಾವು. ಅಂದರ ಆಟಕ್ಕ ಚಳಿ ಕಡಿಮಿ ಇದ್ದರೂ ತೊಂದರಿ, ಹೆಚ್ಚಾದರೂ ತೊಂದರಿ.

ಹಂಗಾರ ನನ್ನ ಪ್ರಶ್ನೆ: ನಾರ್ವೆನೂ ಚಳಿ ನಾಡ, ಅಲ್ಲಿ ಮಕ್ಕಳು ಸ್ಕೀ ಕಟ್ಟಿಕೊಂಡು ಬೆಳೀತಾರ. ಕೆನಡಾದಾಗ ಸ್ಕೇಟ್ಸ್. ಚಳಿನ ಕಾರಣ ಆಗಿದ್ದರ ಎರಡೂ ಕಡೆ ಒಂದ ಆಟ ಇರಬೇಕಿತ್ತಲ್ಲ?

ಲೇಹ್‌ನಲ್ಲಿದ್ದವ

ಮೇಷ್ಟ್ರ ಪ್ರಶ್ನೆಗೆ ಉತ್ತರ ನಮ್ಮ ದೇಶದಲ್ಲೇ ಇದೆ. ಕೆಲಸದ ಮೇಲೆ ಲೇಹ್‌ನಲ್ಲಿ ಇದ್ದಾಗ ನನಗೂ ಇದೇ ಆಶ್ಚರ್ಯವಾಗುತ್ತಿತ್ತು. ಗುಲ್ಮಾರ್ಗ್ ಮತ್ತು ಲೇಹ್ ಎರಡೂ ಹಿಮಾಲಯದ ಊರುಗಳು, ಎರಡರಲ್ಲೂ ಕೊರೆಯುವ ಚಳಿ. ಆದರೆ ಗುಲ್ಮಾರ್ಗ್‌ನಲ್ಲಿ ಸ್ಕೀಯಿಂಗ್, ಲೇಹ್‌ನಲ್ಲಿ ಐಸ್ ಹಾಕಿ. ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು 2024ರಲ್ಲಿ ಎರಡು ಭಾಗ ಮಾಡಿದಾಗಲೂ ಮಂಜುಗಡ್ಡೆಯ ಆಟಗಳು ಲೇಹ್‌ಗೆ, ಹಿಮದ ಆಟಗಳು ಗುಲ್ಮಾರ್ಗ್‌ಗೆ ಹೋದವು.

ಕಾರಣ ಸರಳ. ಪಶ್ಚಿಮದಿಂದ ಬರುವ ತೇವದ ಮೋಡಗಳು ಗುಲ್ಮಾರ್ಗ್ ಕಡೆಯ ಬೆಟ್ಟಗಳ ಮೇಲೆ ಹಿಮ ಸುರಿದು ಬರಿದಾಗುತ್ತವೆ. ಬೆಟ್ಟಗಳ ಆಚೆಯ ಲೇಹ್ ಶೀತ ಮರುಭೂಮಿ. ವರ್ಷವಿಡೀ ಬೀಳುವ ಮಳೆ ಹಿಮ ಎಲ್ಲ ಸೇರಿದರೂ ಸುಮಾರು 100 ಮಿಲಿಮೀಟರ್. ಸಮುದ್ರಮಟ್ಟದಿಂದ 3500 ಮೀಟರ್ ಎತ್ತರ, ಜನವರಿ ರಾತ್ರಿಗಳಲ್ಲಿ ಮೈನಸ್ 15, ಮೈನಸ್ 20 ಸಾಮಾನ್ಯ. ನೀರು ಕಲ್ಲಾಗುತ್ತದೆ, ಆದರೆ ಅದರ ಮೇಲೆ ಹಿಮ ಕೂರುವುದು ಕಡಿಮೆ. ಹಿಮ ಮಂಜುಗಡ್ಡೆಯ ಶತ್ರು. ಅದು ಮೇಲೆ ಕೂತರೆ ಕೆಳಗಿನ ನೀರಿನ ಶಾಖ ಹೊರಗೆ ಹೋಗದೆ ಗಡ್ಡೆ ದಪ್ಪವಾಗುವುದೇ ಇಲ್ಲ, ಮೇಲ್ಮೈಯೂ ಒರಟಾಗುತ್ತದೆ. ಹಾಗಾಗಿ ಇಳಿಜಾರು ಮತ್ತು ಹಿಮ ಇದ್ದಲ್ಲಿ ಸ್ಕೀ. ಸಮತಟ್ಟಾದ ನೀರು ಮತ್ತು ಒಣ ಚಳಿ ಇದ್ದಲ್ಲಿ ಸ್ಕೇಟ್. ಮಕ್ಕಳು ಊರಿನ ಬಳಿ ಏನು ಸಿಗುತ್ತದೋ ಅದರ ಮೇಲೆ ಆಡುತ್ತಾರೆ.

ಲೇಹ್‌ನಲ್ಲಿ ಕರ್ಝೂ, ಗುಪುಕ್ಸ್ ಕೊಳಗಳ ಮೇಲೆ ಬೆಳಗಿನ ಹೊತ್ತು ಮಕ್ಕಳು ಸ್ಕೇಟ್ ಮಾಡುವುದನ್ನು ನೋಡಿದ್ದೇನೆ. ಬೆಳಗ್ಗೆಯೇ ಏಕೆಂದರೆ ಆ ಎತ್ತರದಲ್ಲಿ ಬಿಸಿಲು ಬಹಳ ತೀಕ್ಷ್ಣ. ಗಾಳಿ ಮೈನಸ್‌ನಲ್ಲಿದ್ದರೂ ಮಧ್ಯಾಹ್ನದ ಹೊತ್ತಿಗೆ ಮೇಲ್ಮೈ ಬೆವರಲು ಶುರುವಾಗುತ್ತದೆ. ಸೇನೆಯ ಮೂಲಕ ಅಲ್ಲಿಗೆ ಬಂದ ಆಟ ಇದು. ಮೊದಮೊದಲು ಸ್ಕೇಟ್ಸ್ ಸಿಗದೆ ಸೈನಿಕರ ಹಳೇ ಬೂಟಿನ ಅಡಿಗೆ ಕಬ್ಬಿಣದ ಅಲಗು ಹೊಡೆಸಿಕೊಂಡು ಕಲಿತವರು ಊರಿನಲ್ಲಿ ಈಗಲೂ ಇದ್ದಾರೆ.

ಒಟ್ಟಾವಾ ನಿವಾಸಿ

ಲೇಹ್‌ನವರು ಹೇಳಿದ್ದು ಇಲ್ಲಿಗೂ ಸರಿ. ಕೆನಡಾದ ಪ್ರೇರಿ ಸೀಮೆಯೂ, ಅಂದರೆ ಹುಲ್ಲುಗಾವಲಿನ ಬಯಲು ನಾಡೂ, ಒಣ ಚಳಿಯದ್ದೇ. ಸಸ್ಕಾಚೆವಾನ್‌ನಲ್ಲಿ ಹಳ್ಳಿಗೊಂದು ನೀರುಗುಂಡಿ, ನೆಲ ಕಣ್ಣು ಹಾಯಿಸಿದಷ್ಟೂ ಚಪ್ಪಟೆ, ನವೆಂಬರ್‌ನಿಂದ ಮಾರ್ಚ್‌ವರೆಗೂ ಬಿಡದ ಶೀತ. ಹಾಕಿ ದಿಗ್ಗಜ ಗಾರ್ಡಿ ಹೋವ್ 1928ರಲ್ಲಿ ಹುಟ್ಟಿದ್ದು ಅಲ್ಲಿಯ ಫ್ಲೋರಲ್ ಅನ್ನುವ ಸಣ್ಣ ಊರಲ್ಲಿ. 1930ರ ದಶಕದ ಆರ್ಥಿಕ ಮಹಾಕುಸಿತದ ವರ್ಷಗಳಲ್ಲಿ ಅಲ್ಲಿನ ಮಕ್ಕಳು ಅಂಗಡಿಯ ದಪ್ಪ ಕ್ಯಾಟಲಾಗ್‌ಗಳನ್ನು ಮೊಣಕಾಲ ಕೆಳಗೆ ಕಟ್ಟಿಕೊಂಡು ಪ್ಯಾಡ್ ಮಾಡಿಕೊಳ್ಳುತ್ತಿದ್ದರು. ಪಕ್ ಇಲ್ಲದಿದ್ದರೆ ಕಲ್ಲಾಗಿ ಹೆಪ್ಪುಗಟ್ಟಿದ ಕುದುರೆ ಲದ್ದಿ. ಇದು ಕಟ್ಟುಕತೆಯಲ್ಲ, ಆ ತಲೆಮಾರಿನ ಆಟಗಾರರು ಒಬ್ಬರಾದ ಮೇಲೊಬ್ಬರು ಹೇಳಿಕೊಂಡಿರುವ ವಿಷಯ. ಆಟದ ಸಾಮಾನನ್ನೂ ಚಳಿಯೇ ಒದಗಿಸುತ್ತಿತ್ತು.

ಫ್ರೆಡ್ ಸಸಕಮೂಸ್ ಅವರನ್ನು ಇಲ್ಲಿ ನೆನೆಯಲೇಬೇಕು. ಸಸ್ಕಾಚೆವಾನ್‌ನ ಕ್ರೀ ಎಂಬ ಮೂಲನಿವಾಸಿ ಸಮುದಾಯದವರು, 1933ರಲ್ಲಿ ಹುಟ್ಟಿದವರು. ಹೆಪ್ಪುಗಟ್ಟಿದ ಕೆರೆಯ ಮೇಲೆ ಅವರಿಗೆ ಸ್ಕೇಟಿಂಗ್ ಹಚ್ಚಿಕೊಟ್ಟವರು ತಾತ, ಕೈಯಿಂದ ಕೆತ್ತಿದ ಕೋಲನ್ನು ಸ್ಟಿಕ್ ಮಾಡಿ ಕೊಟ್ಟವರೂ ಅವರೇ. ಆಮೇಲೆ ಆ ಹುಡುಗನನ್ನು ಮನೆಯವರಿಂದ ಕಿತ್ತು, ಮೂಲನಿವಾಸಿ ಮಕ್ಕಳನ್ನು ಬಲವಂತವಾಗಿ ಸೇರಿಸುತ್ತಿದ್ದ ವಸತಿ ಶಾಲೆಗೆ ಒಯ್ದರು. ಅಲ್ಲಿ ಅನುಭವಿಸಿದ್ದನ್ನು ಅವರು ಬದುಕಿನ ಕೊನೆಗಾಲದಲ್ಲಿ ಬಹಿರಂಗವಾಗಿ ಹೇಳಿದರು. 1953-54ರಲ್ಲಿ ಶಿಕಾಗೋ ತಂಡಕ್ಕೆ ಉತ್ತರ ಅಮೆರಿಕದ ವೃತ್ತಿಪರ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ 11 ಪಂದ್ಯ ಆಡಿದರು. ಕೆನಡಾದ ಬಯಲು ಹಾಕಿ ಎಂದರೆ ಬರೀ ಸವಿನೆನಪು ಎಂದು ಬರೆಯುವವರು ಈ ಭಾಗವನ್ನೂ ಸೇರಿಸಿ ಬರೆಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇತಿಹಾಸದ ಒಂದು ತುಣುಕು. 1875ರ ಮಾರ್ಚ್ 3ರಂದು ಮಾಂಟ್ರಿಯಾಲ್‌ನ ವಿಕ್ಟೋರಿಯಾ ರಿಂಕ್‌ನಲ್ಲಿ ಹಾಕಿ ಮೊದಲ ಬಾರಿಗೆ ವ್ಯವಸ್ಥಿತ ಪಂದ್ಯವಾಗಿ ಚಾವಣಿಯ ಕೆಳಗೆ ಬಂತು. ಚೆಂಡಿನ ಬದಲು ಚಪ್ಪಟೆ ಮರದ ಬಿಲ್ಲೆ ಬಳಸಿದರು, ನೋಡುವವರಿಗೆ ತಾಗದಿರಲಿ ಎಂದು. ಅಂಕಣದ ಅಳತೆ, ತಂಡದ ಸಂಖ್ಯೆ, ನಿಯಮ ಎಲ್ಲವೂ ಅಲ್ಲಿಂದ ಗಟ್ಟಿಯಾಗುತ್ತಾ ಹೋದವು. ಆದರೆ ಮಕ್ಕಳು ಹೊರಗಿನ ಆಟವನ್ನು ಬಿಡಲಿಲ್ಲ, ಕೊಳದ ಮೇಲಿನ ಆಟ ತನ್ನ ಪಾಡಿಗೆ ನಡೆದುಕೊಂಡೇ ಬಂತು.

ಗೋಣಿಕೊಪ್ಪದವ

ನಾನು ಕೊಡಗಿನವನು, ಹುಲ್ಲಿನ ಹಾಕಿಯವನು. ಇದನ್ನು ಓದುತ್ತಾ ನಮ್ಮ ಗದ್ದೆಗಳೇ ಕಣ್ಣ ಮುಂದೆ ಬಂದವು. ಕೊಯ್ಲು ಮುಗಿದು ಗದ್ದೆ ಒಣಗಿದ ಮೇಲೆ ಕೆಲವು ತಿಂಗಳು ಆ ನೆಲ ಯಾರಿಗೂ ಬೇಡ, ಆಗ ಅದು ಮಕ್ಕಳದ್ದು. ಕೂಳೆ ಸವರಿ ಸಮ ಮಾಡಿ, ಕಾಡಿನಿಂದ ಬಾಗಿದ ಕೋಲು ಕಡಿದು ತಂದು ಆಡುತ್ತಿದ್ದೆವು. ಅಲ್ಲಿ ಕೆರೆ ಹೆಪ್ಪುಗಟ್ಟುವುದೂ ಹಾಗೇ ಅಲ್ಲವೇ? ವರ್ಷವಿಡೀ ಕಾಲಿಡಲಾಗದ ಜಾಗ ಒಂದು ಋತುವಿಗೆ ಮಾತ್ರ ಮಕ್ಕಳ ಕೈಗೆ ಬರುತ್ತದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರುಮಾಡಿದ ಕೊಡವ ಕೌಟುಂಬಿಕ ಹಾಕಿ ಉತ್ಸವ ಇಷ್ಟು ದೊಡ್ಡದಾಗಿ ಬೆಳೆದದ್ದರ ಹಿಂದೆ ಹೀಗೆ ಗದ್ದೆಯಲ್ಲಿ ಆಡಿದ ತಲೆಮಾರುಗಳಿವೆ.

ಒಂದು ಕೇಳಬೇಕು. ಬಯಲಲ್ಲಿ ಆಡಿದವರ ಆಟವೇ ಬೇರೆ ಥರ ಇರುತ್ತದಾ? ನಮ್ಮಲ್ಲಿ ಏರುಪೇರು ನೆಲದಲ್ಲಿ ಕಲಿತವರಿಗೆ ಚೆಂಡಿನ ಮೇಲಿನ ಹಿಡಿತ ಚೆನ್ನಾಗಿರುತ್ತದೆ ಎನ್ನುತ್ತಾರೆ.

ಒಟ್ಟಾವಾ ನಿವಾಸಿ

@ಗೋಣಿಕೊಪ್ಪದವ, ಖಂಡಿತ ಇರುತ್ತದೆ. ಇನ್ನೊಬ್ಬ ಹಾಕಿ ದಿಗ್ಗಜ ಬಾಬಿ ಓರ್ 1948ರಲ್ಲಿ ಹುಟ್ಟಿದ್ದು ಒಂಟಾರಿಯೊದ ಪ್ಯಾರಿ ಸೌಂಡ್‌ನಲ್ಲಿ, ಆಡಿ ಬೆಳೆದದ್ದು ಅಲ್ಲಿನ ಹೆಪ್ಪುಗಟ್ಟಿದ ನದಿ ಮತ್ತು ಕೊಲ್ಲಿಯ ಮೇಲೆ. ಅಲ್ಲಿ ಗೋಡೆ ಇಲ್ಲ, ಗೆರೆ ಇಲ್ಲ. ಪಕ್ ಕಳೆದುಕೊಂಡರೆ ಅದು ದೂರ ಜಾರಿಹೋಗುತ್ತದೆ, ಬೆನ್ನಟ್ಟಿ ತರಬೇಕು. ಇಪ್ಪತ್ತು ಮಕ್ಕಳ ನಡುವೆ ಪಕ್ ಉಳಿಸಿಕೊಂಡವನೇ ಆಡುತ್ತಾನೆ, ಉಳಿದವರು ಹಿಂದೆ ಓಡುತ್ತಾರೆ. ಸ್ಕೇಟಿಂಗ್‌ನಲ್ಲಿ ತಿರುಗುವುದು, ಹಿಂದಕ್ಕೆ ಹೋಗುವುದು ಯಾವ ಪಾಠವಿಲ್ಲದೆ ಬರುತ್ತದೆ.

ಹೆಸರಾಂತ ಆಟಗಾರ ವೇಯ್ನ್ ಗ್ರೆಟ್ಸ್ಕಿಯದ್ದು ಹಿತ್ತಲಿನ ರಿಂಕ್. ಬ್ರಾಂಟ್‌ಫರ್ಡ್‌ನ ಮನೆಯ ಹಿಂದೆ ತಂದೆ ವಾಲ್ಟರ್ ಹುಲ್ಲಿಗೆ ನೀರು ಚಿಮುಕಿಸುವ ಸ್ಪ್ರಿಂಕ್ಲರ್ ಅನ್ನು ರಾತ್ರಿಯೆಲ್ಲಾ ಬಿಟ್ಟು ಗಡ್ಡೆ ಕಟ್ಟಿಸುತ್ತಿದ್ದರು, ಡಬ್ಬಿಗಳನ್ನಿಟ್ಟು ಅವುಗಳ ನಡುವೆ ಪಕ್ ಓಡಿಸಲು ಹೇಳುತ್ತಿದ್ದರು. ಹತ್ತು ವರ್ಷದ ಹುಡುಗ ಒಂದೇ ಋತುವಿನಲ್ಲಿ 378 ಗೋಲು ಹೊಡೆದದ್ದು ದಾಖಲೆಯಲ್ಲಿದೆ. ಹೇಲಿ ವಿಕನ್‌ಹೈಸರ್ ಕೂಡಾ ಸಸ್ಕಾಚೆವಾನ್‌ನ ಶಾನವನ್‌ನಲ್ಲಿ ಅಪ್ಪ ಮಾಡಿಕೊಟ್ಟ ಹಿತ್ತಲಿನ ರಿಂಕ್‌ನಲ್ಲೇ ಕಲಿತವರು. ಹುಡುಗಿಯರಿಗೆ ತಂಡಗಳೇ ಇಲ್ಲದ ಕಾಲದಲ್ಲಿ ಹಿತ್ತಲಿಗೆ ಯಾರ ಅನುಮತಿಯೂ ಬೇಕಿರಲಿಲ್ಲ. ಕೊನೆಗೆ 4 ಒಲಿಂಪಿಕ್ ಚಿನ್ನ ಗೆದ್ದರು.

ಬ್ರಾಂಪ್ಟನ್ ಅಪ್ಪ

ಎಲ್ಲರೂ ಇಷ್ಟು ಪ್ರೀತಿಯಿಂದ ಬರೆದಿರುವಾಗ ಅಡ್ಡ ಬಾಯಿ ಹಾಕ್ತಿದ್ದೀನಿ ಅನ್ಕೋಬೇಡಿ. ನಮ್ಮಂಥ ವಲಸೆ ಬಂದವರ ಅನುಭವ ಬೇರೆ. ನನ್ನ ಮಗ ಕೇಳಿದಾಗ ಲೀಗ್ ವಿಚಾರಿಸಿದೆ. ನೋಂದಣಿ, ಸ್ಕೇಟ್ಸ್, ಹೆಲ್ಮೆಟ್, ಪ್ಯಾಡ್, ಬೆಳಗಿನ ಜಾವ ಆರಕ್ಕೆ ರಿಂಕ್‌ಗೆ ಕರ್ಕೊಂಡು ಹೋಗೋದು, ವಾರಾಂತ್ಯ ಬೇರೆ ಊರಿಗೆ ಪ್ರಯಾಣ. ಎರಡು ಶಿಫ್ಟ್ ದುಡಿಯೋ ಮನೆಗೆ ಇದು ಆಗೋ ಮಾತಲ್ಲ. ಟೊರಾಂಟೊ ಸುತ್ತಮುತ್ತ ಚಳಿ ವಿನ್ನಿಪೆಗ್ ಥರ ಇಲ್ಲ. ಇವತ್ತು ಮೈನಸ್ 12, ನಾಳಿದ್ದು ಪ್ಲಸ್ 6 ಮತ್ತು ಮಳೆ. ಕೊಳ ನಂಬೋ ಹಾಗಿಲ್ಲ. ಟೊರಾಂಟೊ ನಗರದಲ್ಲಿ ಕಾಂಕ್ರೀಟ್ ಕೆಳಗೆ ಕೊಳವೆ ಹಾಕಿ ತಣ್ಣಗೆ ಮಾಡೋ ಬಯಲು ರಿಂಕ್‌ಗಳು ಐವತ್ತರ ಆಸುಪಾಸು ಇವೆ, ವಯಸ್ಸಿನ ಪ್ರಕಾರ ಶಿನ್ನಿಗೆ ಹೊತ್ತು ಗೊತ್ತು ಮಾಡಿರ್ತಾರೆ. ಒಳ್ಳೇದೇ. ಆದ್ರೆ ಹತ್ತು ವರ್ಷದವನಿಗೆ ಮೂರೂವರೆಯಿಂದ ಐದು ಅಂತ ಗಂಟೆ ಹೊಡೆದಾಗ ದೊಡ್ಡ ಹುಡುಗರ ಜೊತೆ ಸಣ್ಣವರು ಆಡಿ ಕಲಿಯೋದು ನಿಂತುಹೋಗತ್ತೆ.

ನಮ್ಮ ಬೀದಿಯಲ್ಲಿ ನಡೆಯೋದು ರಸ್ತೆ ಹಾಕಿ. ಟೆನಿಸ್ ಚೆಂಡು, ಬೂಟು, ಮಡಚೋ ಗೋಲು. ‘ಕಾರ್’ ಅಂತ ಒಬ್ಬ ಕೂಗಿದ್ರೆ ಗೋಲುಗಳು ಪಕ್ಕಕ್ಕೆ, ಕಾರು ಹೋದ ಮೇಲೆ ಮತ್ತೆ ಮಧ್ಯಕ್ಕೆ. ಪಂಜಾಬಿ, ಗುಜರಾತಿ, ಜಮೈಕನ್, ನಮ್ಮವನು ಎಲ್ಲ ಸೇರ್ತಾರೆ. ಸ್ಕೇಟ್ಸ್ ಬೇಡ ಅನ್ನೋದೇ ಇದರ ದೊಡ್ಡಸ್ತಿಕೆ. ಟೊರಾಂಟೊದಲ್ಲಿ ಇದಕ್ಕೂ ನಿಷೇಧ ಇತ್ತು, 2016ರಲ್ಲಿ ತೆಗೆದರು. 2008ರಿಂದ ಟಿವಿಯಲ್ಲಿ ಹಾಕಿಗೆ ಪಂಜಾಬಿ ವೀಕ್ಷಕ ವಿವರಣೆ ಬರ್ತಿದೆ, ಅದನ್ನ ಕೇಳಿ ಆಟ ಅರ್ಥಮಾಡ್ಕೊಂಡ ಅಜ್ಜಂದಿರು ನಮ್ಮ ಬೀದಿಯಲ್ಲಿ ಇದ್ದಾರೆ. ಚಳಿ ಎಲ್ಲರಿಗೂ ಒಂದೇ, ಆದ್ರೆ ಅದನ್ನ ಆಟ ಮಾಡ್ಕೊಳ್ಳೋಕೆ ಬೇಕಾದ್ದು ಎಲ್ಲರ ಹತ್ರ ಇರಲ್ಲ ಅಂತ ನಾನು ಹೇಳೋದು.

ವಿನ್ನಿಪೆಗ್ ಅಮ್ಮ

@ಬ್ರಾಂಪ್ಟನ್ ಅಪ್ಪ, ಅಡ್ಡ ಬಾಯಿ ಅಲ್ಲವೇ ಅಲ್ಲ. ನಾನು ಹೇಳಬೇಕು ಅಂತಿದ್ದದ್ದೂ ಅದೇ. ನಮ್ಮ ಮನೆಯಲ್ಲೂ ಲೀಗ್ ಆಗಲಿಲ್ಲ. ಹಳೇ ಸಾಮಾನಿನ ಅಂಗಡಿಯಲ್ಲಿ ತಂದ ಸ್ಕೇಟ್ಸ್, ಪಕ್ಕದ ಮನೆಯವರು ಕೊಟ್ಟ ಸ್ಟಿಕ್, ಅಷ್ಟರಲ್ಲೇ ಮಕ್ಕಳು ಆಟಕ್ಕೆ ಸೇರಿಕೊಂಡರು. ಇಂಗ್ಲಿಷ್ ಸರಿಯಾಗಿ ಬರದ ಮೊದಲ ಚಳಿಗಾಲದಲ್ಲೇ ನನ್ನ ಮಗಳಿಗೆ ಗೆಳತಿಯರು ಸಿಕ್ಕಿದ್ದು ಆ ರಿಂಕ್‌ನಲ್ಲಿ. ಸ್ಟಿಕ್ ರಾಶಿಗೆ ಹಾಕಿದರೆ ನೀವೂ ಆಟದಲ್ಲಿ ಇದ್ದೀರಿ, ಯಾರೂ ಹೆಸರು ಕೇಳಲ್ಲ. ಇದು ಪುಕ್ಕಟೆ ಆಗಿರೋದು ಇಲ್ಲಿ ಚಳಿ ಗಟ್ಟಿಯಾಗಿ ನಿಲ್ಲತ್ತೆ ಅನ್ನೋ ಕಾರಣಕ್ಕೆ. ಒಂದು ನಲ್ಲಿ, ಒಂದು ಪೈಪು, ರಾತ್ರಿ ನಿದ್ದೆಗೆಟ್ಟು ನೀರು ಹಾಯಿಸೋ ನಾಲ್ಕು ಜನ ಇದ್ದರೆ ರಿಂಕ್ ಸಿದ್ಧ.

ಚಳಿ ಕೈಕೊಟ್ಟ ಕಡೆ ಅದೇ ರಿಂಕ್‌ಗೆ ಯಂತ್ರ ಬೇಕು, ಕರೆಂಟು ಬೇಕು, ವೇಳಾಪಟ್ಟಿ ಬೇಕು. ದುಡ್ಡಿರೋ ಮಕ್ಕಳ ಆಟ ಅಲ್ಲೂ ನಡೆಯತ್ತೆ. ನಿಲ್ಲೋದು ನಮ್ಮ ಮಕ್ಕಳದ್ದು.

ಮಿನೆಸೋಟಾ ಕನ್ನಡಿಗ

ಇಲ್ಲಿ ಕೆರೆಗಳಿಗೆ ಲೆಕ್ಕವಿಲ್ಲ, ಹಾಗಾಗಿ ಮಕ್ಕಳು ನೇರವಾಗಿ ಕೆರೆಗೇ ಇಳಿಯುತ್ತಾರೆ. ಹೊಸದಾಗಿ ಬಂದ ಕನ್ನಡಿಗ ತಂದೆತಾಯಿಗಳು ಓದುತ್ತಿದ್ದರೆ ದಯವಿಟ್ಟು ಇದನ್ನು ಗಮನವಿಟ್ಟು ಓದಿ. ರಿಂಕ್ ಬೇರೆ, ಕೆರೆ ಬೇರೆ.

ಕೆನಡಾ ರೆಡ್ ಕ್ರಾಸ್ ಹೇಳುವ ಅಳತೆ: ಒಬ್ಬರೇ ನಡೆಯಲು ಅಥವಾ ಸ್ಕೇಟ್ ಮಾಡಲು 15 ಸೆಂಟಿಮೀಟರ್, ಗುಂಪಾಗಿ ಆಡಲು 20 ಸೆಂಟಿಮೀಟರ್ ದಪ್ಪ ಬೇಕು. ಬಣ್ಣವೂ ಮುಖ್ಯ. ಪಾರದರ್ಶಕ ನೀಲಿ ಗಡ್ಡೆ ಎಲ್ಲಕ್ಕಿಂತ ಗಟ್ಟಿ. ಹಿಮ ನೆನೆದು ಹೆಪ್ಪುಗಟ್ಟಿದ ಬಿಳಿ ಗಡ್ಡೆಯ ಬಲ ಅದರ ಅರ್ಧದಷ್ಟು. ಬೂದು ಬಣ್ಣ ಕಂಡರೆ ಒಳಗೆ ನೀರಿದೆ ಎಂದರ್ಥ, ಇಳಿಯಲೇಬಾರದು. ತೊರೆ ಬಂದು ಸೇರುವ ಕಡೆ, ಸೇತುವೆಯ ಕೆಳಗೆ, ದೋಣಿಕಟ್ಟೆಯ ಸುತ್ತ ಗಡ್ಡೆ ಯಾವಾಗಲೂ ತೆಳು. ಕೆರೆಯ ಒಂದು ಮೂಲೆಯಲ್ಲಿ ಕೊರೆದು ಅಳೆದದ್ದು ಇನ್ನೊಂದು ಮೂಲೆಗೆ ಅನ್ವಯಿಸುವುದಿಲ್ಲ.

ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಈ ತಿಳಿವಳಿಕೆ ದೊಡ್ಡವರ ಜೊತೆ ಓಡಾಡಿಯೇ ಬಂದಿರುತ್ತದೆ. ರಾತ್ರಿ ತಾಪಮಾನ ದಿಢೀರನೆ ಇಳಿದಾಗ ಕೆರೆ ಗುಡುಗಿದ ಹಾಗೆ ಸದ್ದು ಮಾಡುತ್ತದೆ. ಗಡ್ಡೆ ಕುಗ್ಗಿ ಬಿರುಕು ಬಿಡುವ ಸದ್ದು ಅದು. ಮೊದಲ ಸಲ ಕೇಳಿ ನನ್ನ ಎದೆ ಧಸಕ್ ಎಂದಿತ್ತು; ಪಕ್ಕದ ಹುಡುಗಿ ಏನೂ ಆಗದವಳಂತೆ ಆಡುತ್ತಲೇ ಇದ್ದಳು. ಯಾವ ಸದ್ದಿಗೆ ಹೆದರಬೇಕು, ಯಾವುದಕ್ಕೆ ಬೇಡ ಎಂದು ಅವಳಿಗೆ ಗೊತ್ತಿತ್ತು. ನಮ್ಮ ಮಕ್ಕಳಿಗೆ ಅದನ್ನು ಹೇಳಿಕೊಡುವವರು ಮನೆಯಲ್ಲಿ ಇರುವುದಿಲ್ಲ, ಹಾಗಾಗಿ ಮೊದಲ ವರ್ಷಗಳಲ್ಲಿ ತಿಳಿದವರ ಜೊತೆಗೇ ಕಳಿಸಿ.

ಹೊಸಬಳು, ಎಡ್ಮಂಟನ್

ಊರಿಂದ ಅತ್ತೆ ಫೋನ್ ಮಾಡಿದಾಗಲೆಲ್ಲ ಮಗು ಹೊರಗೆ ಆಡ್ತಿದೆ ಅಂದ್ರೆ ಅಳುವುದೊಂದು ಬಾಕಿ. ಮೈನಸ್ 20ರಲ್ಲಿ ನಿಜವಾಗಲೂ ಬಿಡಬಹುದಾ?

ವಿನ್ನಿಪೆಗ್ ಅಮ್ಮ

ಬಿಡಬಹುದು, ಆದರೆ ಥರ್ಮಾಮೀಟರ್‌ಗಿಂತ ಗಾಳಿಯನ್ನ ನೋಡಿ. ಗಾಳಿ ಸೇರಿಸಿ ಲೆಕ್ಕ ಹಾಕೋ ವಿಂಡ್ ಚಿಲ್ ಮೈನಸ್ 28 ದಾಟಿದರೆ ತೆರೆದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು ಅಂತ ಕೆನಡಾದ ಹವಾಮಾನ ಇಲಾಖೆ ಎಚ್ಚರಿಸತ್ತೆ. ಮೈಗೆ ತಾಗೋ ಬಟ್ಟೆ ಹತ್ತಿಯದ್ದು ಬೇಡ. ಆಡಿ ಬೆವರಿದ ಮೇಲೆ ಹತ್ತಿ ಒದ್ದೆಯಾಗೇ ಉಳಿಯತ್ತೆ, ಆಟ ನಿಲ್ಲಿಸಿದ ಕೂಡಲೇ ಚಳಿ ಹಿಡಿಯತ್ತೆ. ಉಣ್ಣೆ ಅಥವಾ ಸಿಂಥೆಟಿಕ್ ಹಾಕಿ. ಸ್ಕೇಟ್ಸ್ ಒಳಗೆ ಎರಡು ಜೊತೆ ದಪ್ಪ ಕಾಲುಚೀಲ ತುರುಕಬೇಡಿ, ಬಿಗಿಯಾಗಿ ರಕ್ತ ಓಡಲ್ಲ, ಕಾಲು ಇನ್ನೂ ಬೇಗ ತಣ್ಣಗಾಗತ್ತೆ. ಲೇಸ್ ಬಿಗಿಯೋದನ್ನ ಮನೆಯಲ್ಲೋ ರಿಂಕ್ ಪಕ್ಕದ ಬೆಚ್ಚನೆ ಕೋಣೆಯಲ್ಲೋ ಮುಗಿಸಿ. ಹೊರಗೆ ಗ್ಲೌಸ್ ಬಿಚ್ಚಿ ಲೇಸ್ ಎಳೀತಾ ಕೂತರೆ ಬೆರಳು ಮಾತು ಕೇಳಲ್ಲ. ಕೆನ್ನೆ, ಮೂಗಿನ ತುದಿ ಬೆಳ್ಳಗೆ ಮೇಣದ ಬಣ್ಣಕ್ಕೆ ತಿರುಗಿದರೆ ಆಟ ಅವತ್ತಿಗೆ ಮುಗೀತು, ಒಳಗೆ ಕರ್ಕೊಂಡು ಬನ್ನಿ. ಉಜ್ಜಬೇಡಿ. ಅತ್ತೆಗೆ ಮಗುವಿನ ಕೆಂಪು ಕೆನ್ನೆ ವಿಡಿಯೋದಲ್ಲಿ ತೋರಿಸಿ, ಸಮಾಧಾನ ಆಗತ್ತೆ.

ಧಾರವಾಡದ ಮೇಷ್ಟ್ರು

ಲೇಹ್‌ನವರ ಉತ್ತರ ಒಪ್ಪಿದೆ. ಅದಕ್ಕ ಒಂದು ಸೇರಸತೀನಿ. ಚಳಿ, ಸಪಾಟು ನೀರು ಎರಡೂ ಇದ್ದರೂ ಅದನ್ನ ಹೆಂಗ ಬಳಸಬೇಕು ಅನ್ನೋದು ಸಮಾಜದ ಕೈಯಾಗ ಇರತದ. ಸೋವಿಯತ್ ರಷ್ಯಾದಾಗ ವಸತಿ ಕಟ್ಟಡಗಳ ನಡುವಿನ ಅಂಗಳದಾಗ ಹಲಗಿ ಕಟ್ಟಿ, ನೀರು ಬಿಟ್ಟು ರಿಂಕ್ ಮಾಡತಿದ್ದರು, ಮಕ್ಕಳು ಅಲ್ಲೇ ಆಡತಿದ್ದರು. ಅಲ್ಲಿನ ಹೆಸರಾಂತ ಹಾಕಿ ಕೋಚ್ ಅನಾತೊಲಿ ತರಾಸೊವ್ ಅವರು 1964ರಾಗ ಇಂಥ ಅಂಗಳದ ಹುಡುಗರಿಗಂತ ‘ಬಂಗಾರದ ಪಕ್’ ಅನ್ನೋ ದೇಶವ್ಯಾಪಿ ಪಂದ್ಯಾವಳಿ ಶುರು ಮಾಡಿದರು. ಬಯಲಿನ್ಯಾಗಿನ ಆಟಾನ ಕೆಡವದ ಅದರ ಮ್ಯಾಲೇ ಮಾಳಗಿ ಕಟ್ಟಿದರು.

ಕೆನಡಾದಾಗ ಆದದ್ದು ಬ್ಯಾರೆ. 1980ರ ದಶಕದಾಗ ರೋಜರ್ ಬಾರ್ನ್ಸ್ಲಿ ಅನ್ನೋ ಮನಃಶಾಸ್ತ್ರಜ್ಞರು ಹಾಕಿ ತಂಡಗಳ ಹುಟ್ಟಿದ ದಿನಾಂಕ ತಗದು ನೋಡಿದರು. ಜನವರಿ, ಫೆಬ್ರವರಿ, ಮಾರ್ಚ್‌ನಾಗ ಹುಟ್ಟಿದವರ ಸಂಖ್ಯೆ ಎದ್ದು ಕಾಣತಿತ್ತು. ಲೀಗ್‌ನಾಗ ವಯಸ್ಸಿನ ಗಡಿ ಜನವರಿ 1. ವರ್ಷದ ಶುರುವಿನಾಗ ಹುಟ್ಟಿದವ ಡಿಸೆಂಬರ್‌ನಾಗ ಹುಟ್ಟಿದವಗಿಂತ ಹನ್ನೊಂದು ತಿಂಗಳು ದೊಡ್ಡವ, ಮೈಕಟ್ಟು ಜಾಸ್ತಿ. ಅವನ ಆಯ್ಕೆ ಆಗತಾನ, ಅವನಿಗೇ ಹೆಚ್ಚಿನ ತರಬೇತಿ ಸಿಗತದ. ವಿನ್ನಿಪೆಗ್‌ನವರು ಹೇಳಿದ ಸ್ಟಿಕ್ ರಾಶಿಯೊಳಗ ಈ ಅನ್ಯಾಯಕ್ಕ ಜಾಗಾನ ಇಲ್ಲ. ಡಿಸೆಂಬರ್‌ನಾಗ ಹುಟ್ಟಿದ ಹುಡುಗನೂ ಅಲ್ಲಿ ಕತ್ತಲಾಗೋತನಕ ಆಡತಾನ.

ಒಟ್ಟಾವಾ ನಿವಾಸಿ

ಈಗ ಕಹಿ ವಿಷಯ. ಇಲ್ಲಿನ ರಿಡೋ ಕಾಲುವೆಯ ಮೇಲೆ 7.8 ಕಿಲೋಮೀಟರ್ ಉದ್ದದ ಸ್ಕೇಟಿಂಗ್ ದಾರಿ ಇದೆ, 1970ರ ದಶಕದ ಆರಂಭದಿಂದ ಪ್ರತಿ ಚಳಿಗಾಲವೂ ತೆರೆಯುತ್ತಿತ್ತು. 2022-23ರಲ್ಲಿ ಮೊದಲ ಬಾರಿಗೆ ಒಂದು ದಿನವೂ ತೆರೆಯಲಿಲ್ಲ. ಸುಮಾರು 30 ಸೆಂಟಿಮೀಟರ್ ಗಡ್ಡೆ ಬೇಕು, ಅದು ಕಟ್ಟಲೇ ಇಲ್ಲ. ಮರುವರ್ಷವೂ ಕೆಲವೇ ದಿನ.

2012ರಲ್ಲಿ ಮಾಂಟ್ರಿಯಾಲ್‌ನ ಸಂಶೋಧಕರು 1951ರಿಂದ 2005ರವರೆಗಿನ ಹವಾಮಾನ ದಾಖಲೆಗಳನ್ನು ತೆಗೆದು ಬಯಲು ರಿಂಕ್‌ಗಳ ಋತು ಹೇಗೆ ಬದಲಾಗಿದೆ ಎಂದು ನೋಡಿದರು. ಹಗಲಿನ ಗರಿಷ್ಠ ತಾಪಮಾನ ಸತತ ಮೂರು ದಿನ ಮೈನಸ್ 5ನ್ನು ದಾಟದಿದ್ದರೆ ನೀರು ಹಾಯಿಸಲು ಶುರು ಮಾಡಬಹುದು ಎಂಬುದು ಅವರ ಅಳತೆಗೋಲು. ದೇಶದ ಹಲವು ಕಡೆ ಋತು ಕುಗ್ಗಿದೆ, ಪಶ್ಚಿಮದ ಪ್ರೇರಿ ಕಡೆ ಎದ್ದು ಕಾಣುವಷ್ಟು. ಅದನ್ನು ಓದಿದ ವಿಲ್ಫ್ರಿಡ್ ಲೋರಿಯರ್ ವಿಶ್ವವಿದ್ಯಾಲಯದ ಭೂಗೋಳ ಪ್ರಾಧ್ಯಾಪಕರು 2013ರಲ್ಲಿ ರಿಂಕ್‌ವಾಚ್ ಎಂಬ ಯೋಜನೆ ಶುರು ಮಾಡಿದರು. ಹಿತ್ತಲಲ್ಲಿ ರಿಂಕ್ ಇರುವ ಯಾರು ಬೇಕಾದರೂ ‘ಇವತ್ತು ಸ್ಕೇಟ್ ಮಾಡಲು ಆಯಿತು, ಆಗಲಿಲ್ಲ’ ಎಂದು ದಾಖಲಿಸಬಹುದು. ಮಕ್ಕಳ ಆಟದ ದಿನಚರಿಯೇ ಹವಾಮಾನ ಬದಲಾವಣೆಯ ದಾಖಲೆಯಾಯಿತು.

ನಮ್ಮ ನಗರದಲ್ಲಿ ಸ್ವಯಂಸೇವಕರು ನೋಡಿಕೊಳ್ಳುವ ಬಡಾವಣೆ ರಿಂಕ್‌ಗಳು ಇನ್ನೂರಕ್ಕೂ ಹೆಚ್ಚು ಇವೆ. ಜನವರಿಯಲ್ಲಿ ಮಳೆ ಬಂದರೆ ವಾರದ ದುಡಿಮೆ ನೀರಾಗುತ್ತದೆ, ಮತ್ತೆ ಮೊದಲಿನಿಂದ. ಇಂಥ ಒಂದೆರಡು ವರ್ಷ ಸಹಿಸುತ್ತಾರೆ, ಆಮೇಲೆ ಪೈಪ್ ಹಿಡಿಯುವವರು ಸಿಗುವುದಿಲ್ಲ. ಸರಾಸರಿ ತಾಪಮಾನ ಒಂದೆರಡು ಡಿಗ್ರಿ ಏರಿದರೆ ಏನಾಗುತ್ತದೆ ಎನ್ನುವವರಿಗೆ ನನ್ನ ಉತ್ತರ ಇದು: ಆಟಕ್ಕೆ ಬೇಕಾದದ್ದು ಸರಾಸರಿ ಅಲ್ಲ, ಒಂದರ ಹಿಂದೊಂದು ಬರುವ ಚಳಿರಾತ್ರಿಗಳು. ಮೊದಲು ಮುರಿಯುವುದೇ ಆ ಸರಪಳಿ.

ಕ್ಯಾಲ್ಗರಿ ಕನ್ನಡಿಗ

ನಮ್ಮಲ್ಲಿ ಆ ಸರಪಳಿ ಮೊದಲಿನಿಂದಲೂ ಮುರಿಯುತ್ತಲೇ ಇದೆ. ರಾಕಿ ಬೆಟ್ಟ ಇಳಿದು ಬರುವ ಶಿನೂಕ್ ಗಾಳಿ ಬೀಸಿದರೆ ಕೆಲವೇ ಗಂಟೆಗಳಲ್ಲಿ ತಾಪಮಾನ ಇಪ್ಪತ್ತು ಡಿಗ್ರಿ ಏರುತ್ತದೆ. ಬೆಳಗ್ಗೆ ಆಡಿದ ರಿಂಕ್ ಸಂಜೆಗೆ ಕೆಸರು. ಆದರೂ ಜನ ಬಿಡುವುದಿಲ್ಲ, ಗಾಳಿ ನಿಂತ ರಾತ್ರಿಯೇ ಪೈಪ್ ಹೊರಬರುತ್ತದೆ.

ಲೇಹ್‌ನಲ್ಲಿದ್ದವ

ಲೇಹ್‌ನಲ್ಲೂ ಸಹಜ ಗಡ್ಡೆಯ ಮೇಲೆ ಆಡಲು ಸಿಗುವುದು ಹೆಚ್ಚೆಂದರೆ ಡಿಸೆಂಬರ್ ನಡುವಿನಿಂದ ಫೆಬ್ರವರಿವರೆಗೆ. ಎರಡು ತಿಂಗಳ ಈ ಕಿಂಡಿಯಿಂದಲೇ ಭಾರತದ ತಂಡ ಬಂದಿದೆ. ಮಹಿಳಾ ತಂಡ ಮೊದಲ ಬಾರಿ ಅಂತರರಾಷ್ಟ್ರೀಯ ಪಂದ್ಯ ಆಡಿದ್ದು 2016ರಲ್ಲಿ ತೈಪೆಯಲ್ಲಿ. 2017ರಲ್ಲಿ ಬ್ಯಾಂಕಾಕ್‌ನಲ್ಲಿ ಫಿಲಿಪ್ಪೀನ್ಸ್ ವಿರುದ್ಧ 4-3ರಿಂದ ಮೊದಲ ಗೆಲುವು. 2025ರಲ್ಲಿ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಕಂಚು. ತಂಡದ ಬಹುತೇಕ ಹುಡುಗಿಯರು ಲಡಾಖ್‌ನವರು, ಹಿಮಾಚಲದ ಸ್ಪಿತಿಯವರೂ ಇದ್ದಾರೆ. ವರ್ಷಕ್ಕೆ ಎರಡು ತಿಂಗಳು, ಬೆಳಗಿನ ಕೆಲವು ಗಂಟೆ ಮಾತ್ರ ಮಂಜುಗಡ್ಡೆ ಕಂಡವರು ವರ್ಷವಿಡೀ ಒಳಾಂಗಣ ರಿಂಕ್ ಇರುವ ದೇಶಗಳ ಎದುರು ನಿಂತು ಗೆದ್ದ ಪದಕ ಅದು. ನಮ್ಮ ಪತ್ರಿಕೆಗಳು ಒಂದು ಕಾಲಂ ಸುದ್ದಿಗೆ ಮುಗಿಸಿದ್ದು ನನಗೆ ಈಗಲೂ ಬೇಸರ.

ಹೊಸಬಳು, ಎಡ್ಮಂಟನ್

ಎಲ್ಲ ಓದಿ ಧೈರ್ಯ ಬಂತು. ಹಿತ್ತಲಲ್ಲಿ ಸಣ್ಣದೊಂದು ರಿಂಕ್ ಮಾಡೋಣ ಅಂತ ಮನೆಯವರು ಹೊರಟಿದ್ದಾರೆ. ಹೇಗೆ ಶುರು ಮಾಡಬೇಕು?

ಕ್ಯಾಲ್ಗರಿ ಕನ್ನಡಿಗ

ಮೊದಲು ನೆಲದ ಮಟ್ಟ ನೋಡಿ. ಕಣ್ಣಿಗೆ ಸಮ ಕಂಡರೂ ಒಂದು ಕಡೆ ಒಂದು ಗೇಣು ತಗ್ಗಿರುತ್ತದೆ, ನೀರೆಲ್ಲ ಅಲ್ಲಿಗೇ ಹೋಗುತ್ತದೆ. ಬಿಳಿ ಪ್ಲಾಸ್ಟಿಕ್ ಹಾಳೆ ಹಾಸಿ, ಕಪ್ಪು ಅಥವಾ ನೀಲಿ ಬೇಡ, ಬಿಸಿಲು ಹೀರಿ ಅಡಿಯಿಂದ ಕರಗಿಸುತ್ತದೆ. ಅದೇ ಕಾರಣಕ್ಕೆ ಗಡ್ಡೆಯ ಮೇಲೆ ಬಿದ್ದ ಒಣ ಎಲೆಗಳನ್ನು ಆಗಾಗ ತೆಗೆಯಿರಿ. ಒಂದು ಎಲೆ ಬಿಸಿಲಿಗೆ ಕಾದು ತನ್ನದೇ ಆಕಾರದ ಗುಂಡಿ ತೋಡುತ್ತದೆ, ಮಗುವಿನ ಸ್ಕೇಟ್ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಳೆ ಹಾಸಿದ ಮೇಲೆ ಮೊದಲ ಸಲ ಪೂರ್ತಿ ನೀರು ತುಂಬಿಸಿ ಗಟ್ಟಿಯಾಗಲು ಬಿಡಿ, ನಡುವೆ ಯಾರೂ ಕಾಲಿಡಬಾರದು. ಆಮೇಲಿನದೆಲ್ಲ ತೆಳು ಪದರ, ರಾತ್ರಿ ಹೊತ್ತು, ಸಾಧ್ಯವಾದರೆ ಬಿಸಿನೀರು. ಬಿಸಿನೀರು ಹಳೇ ಗೀರುಗಳನ್ನು ಸ್ವಲ್ಪ ಕರಗಿಸಿ ಅದರೊಂದಿಗೆ ಬೆಸೆದುಕೊಳ್ಳುತ್ತದೆ, ಮೇಲ್ಮೈ ನಯವಾಗುತ್ತದೆ. ಹಿಮ ಬಿದ್ದ ದಿನವೇ ಗುಡಿಸಿ ತೆಗೆಯಿರಿ. ಪೈಪನ್ನು ಪ್ರತಿ ಸಲ ನೀರು ಬಸಿದು ಮನೆಯೊಳಗೆ ಇಡಿ, ಹೊರಗೆ ಬಿಟ್ಟರೆ ಬೆಳಗ್ಗೆ ಹೆಪ್ಪುಗಟ್ಟಿ ಒಡೆದಿರುತ್ತದೆ. ಹವಾಮಾನ ವರದಿಯಲ್ಲಿ ಮೂರು ದಿನ ಸತತ ಮೈನಸ್ 5ಕ್ಕಿಂತ ಕೆಳಗೆ ಕಾಣುವ ತನಕ ನಲ್ಲಿ ತಿರುಗಿಸಬೇಡಿ. ಎಡ್ಮಂಟನ್‌ನಲ್ಲಿ ನಮ್ಮಷ್ಟು ಶಿನೂಕ್ ಕಾಟ ಇಲ್ಲ, ಒಮ್ಮೆ ಕಟ್ಟಿದರೆ ಬಹಳ ವಾರ ನಿಲ್ಲುತ್ತದೆ. ಅಕ್ಕಪಕ್ಕದ ಮನೆಯವರಿಗೆ ಮೊದಲೇ ಹೇಳಿಡಿ, ಅವರ ಮಕ್ಕಳೂ ಬರುತ್ತಾರೆ.